ಮಾಂತ್ರಿಕನಿಗೆ ಯಾವ ಆಯುಧ? ಮೊದಲು ಎಡಗೈ ನೋಡಿ

"ಅಣ್ಣ, ಸ್ಟಾಫ್ ತೆಗೆದುಕೊಳ್ಳಲೋ, ವಾಂಡ್ ತೆಗೆದುಕೊಳ್ಳಲೋ?"

ದಾವಣಗೆರೆಯ ವಿದ್ಯಾನಗರದ ಬಾಡಿಗೆ ಕೋಣೆಗಳಲ್ಲಿ ಓದುತ್ತಿರುವ, ಅಥವಾ ಓದುತ್ತಿದ್ದಾರೆಂದು ಮನೆಯವರು ನಂಬಿರುವ, ಎಂಜಿನಿಯರಿಂಗ್ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಅಗ್ರಸ್ಥಾನ. ಸ್ಟಾಫ್ ಎಂದರೆ ಉದ್ದನೆಯ ಕೋಲು, ವಾಂಡ್ ಎಂದರೆ ಪುಟ್ಟ ಮಂತ್ರದಂಡ. ಯಾವ ಕಂಪ್ಯೂಟರ್ ಆಟ ಎಂದು ನಾನು ತಿರುಗಿ ಕೇಳಿದರೆ ಅವರಿಗೆ ಬೇಸರ. ಮಾಂತ್ರಿಕ ಎಂದರೆ ಮಾಂತ್ರಿಕ, ಅದರಲ್ಲಿ ಯಾವ ಆಟವಾದರೇನು ಎಂಬ ಧೋರಣೆ. ಆದರೆ ಉತ್ತರ ಆಟದಿಂದ ಆಟಕ್ಕೆ ತಲೆಕೆಳಗಾಗುತ್ತದೆ. ಡಯಾಬ್ಲೊ 2ರ ಮಾಂತ್ರಿಕಿ ಬಹುಪಾಲು ಕತ್ತಿ ಹಿಡಿದೇ ಓಡಾಡುತ್ತಾಳೆ. ಗಿಲ್ಡ್ ವಾರ್ಸ್ 2ರ ಮೆಸ್ಮರ್ ಎಂಬ ಮಾಂತ್ರಿಕ ತನ್ನೆತ್ತರದ ಖಡ್ಗ ಹಿಡಿದು ದೂರದಿಂದ ಕಿರಣ ಬಿಡುತ್ತಾನೆ. ಫೈನಲ್ ಫ್ಯಾಂಟಸಿ 14ರಲ್ಲಿ ಪುಸ್ತಕ ಹಿಡಿದವನು ಒಂದು ಬಗೆಯ ಮಾಂತ್ರಿಕನಾದರೆ, ಬಣ್ಣದ ಕುಂಚ ಹಿಡಿದವನು ಇನ್ನೊಂದು ಬಗೆಯವನು.

(ಆಯುಧದ ಮಾತು ಬಂದ ಕೂಡಲೇ ಚಿತ್ರದುರ್ಗದ ಗೆಳೆಯರು ಒನಕೆ ಓಬವ್ವನನ್ನು ಕರೆತರುತ್ತಾರೆ. ಒನಕೆ ನಿಸ್ಸಂಶಯವಾಗಿ ಎರಡು ಕೈಯ ಆಯುಧವೇ. ಆದರೆ ಓಬವ್ವ ಮಂತ್ರ ಹಾಕಿ ಗೆದ್ದವಳಲ್ಲ, ಆದ್ದರಿಂದ ಆಕೆಗೆ ಕೈಮುಗಿದು ಮುಂದೆ ಹೋಗುತ್ತೇನೆ.)

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಂತ್ರಿಕನ ಆಯುಧವನ್ನು ಆರಿಸುವಾಗ ಬಲಗೈಯಲ್ಲಿರುವುದಕ್ಕಿಂತ ಎಡಗೈಯಲ್ಲಿ ಏನು ಇರುತ್ತದೆ ಅಥವಾ ಇರುವುದಿಲ್ಲ ಎಂಬುದನ್ನೇ ಮೊದಲು ನೋಡಬೇಕು. ಎರಡನೆಯದಾಗಿ, ಮಂತ್ರ ಹಾಕದೆ ಇರುವ ಹೊತ್ತಿನಲ್ಲಿ ಆ ಆಯುಧ ಏನು ಮಾಡುತ್ತದೆ ಎಂದು ನೋಡಬೇಕು. ಆಯುಧದ ಮೇಲೆ ಬರೆದಿರುವ ಹೊಡೆತದ ಅಂಕಿಯ ಸರದಿ ಬರುವುದು ಆಮೇಲೆ, ಅದೂ ಕೆಲವು ಆಟಗಳಲ್ಲಿ ಮಾತ್ರ.

ಆ ದೊಡ್ಡ ಅಂಕಿಯನ್ನು ನಂಬಬೇಕೇ?

ಆಯುಧದ ಮೇಲೆ ಮೌಸ್ ಇಟ್ಟಾಗ ಮೂಡುವ ಚೌಕದಲ್ಲಿ ಎಲ್ಲಕ್ಕಿಂತ ಮೇಲೆ ಹೊಡೆತದ ಅಂಕಿ ಇರುತ್ತದೆ. ಕತ್ತಿವೀರನಿಗೆ ಅದೇ ಜೀವಾಳ. ಮಾಂತ್ರಿಕನಿಗೆ ಅದು ಬಹಳ ಸಲ ಬರೀ ಅಲಂಕಾರ. ಪಾತ್ ಆಫ್ ಎಕ್ಸೈಲ್‌ನಲ್ಲಿ ಮಂತ್ರದ ಹೊಡೆತ ಬರುವುದು ಮಂತ್ರವನ್ನು ಕೊಡುವ ಹರಳಿನಿಂದ, ಅಂದರೆ ಮಂತ್ರದ ಜೆಮ್‌ನಿಂದ. ವಾಂಡ್‌ನ ಸ್ವಂತ ಹೊಡೆತ ಎಷ್ಟೇ ಇದ್ದರೂ ಅದು ಮಂತ್ರಕ್ಕೆ ಸೇರುವುದಿಲ್ಲ. ಅಲ್ಲಿ ನೋಡಬೇಕಾದುದು ಕೆಳಗಿನ ಸಣ್ಣ ಸಾಲುಗಳನ್ನು: ಮಂತ್ರದ ಹೊಡೆತ ಶೇಕಡಾ ಇಷ್ಟು ಹೆಚ್ಚು, ಮಂತ್ರ ಹಾಕುವ ವೇಗ ಇಷ್ಟು ಹೆಚ್ಚು, ಎಲ್ಲ ಮಂತ್ರದ ಜೆಮ್‌ಗಳಿಗೆ ಒಂದು ಮಟ್ಟ ಹೆಚ್ಚು. ಈ ಕೊನೆಯ ಸಾಲು ಇರುವ ಮುರುಕಲು ವಾಂಡ್ ಕಂಡರೆ ಎತ್ತಿಟ್ಟುಕೊಳ್ಳಿ.

ಫೈನಲ್ ಫ್ಯಾಂಟಸಿ 14ರಲ್ಲಿ ಇದಕ್ಕೆ ಸಂಪೂರ್ಣ ವಿರುದ್ಧ. ಅಲ್ಲಿ ಆಯುಧದ ಮೇಲಿನ ಮಂತ್ರಶಕ್ತಿಯ ಅಂಕಿಯೇ ಎಲ್ಲಕ್ಕಿಂತ ಮುಖ್ಯ. ಆದರೆ ಆಯ್ಕೆ ಎಂಬುದೇ ಅಲ್ಲಿಲ್ಲ, ಏಕೆಂದರೆ ಆಯುಧವೇ ಕಸುಬನ್ನು ನಿರ್ಧರಿಸುತ್ತದೆ. ರೇಪಿಯರ್ ಎಂಬ ತೆಳು ಕತ್ತಿ ಹಿಡಿದರೆ ರೆಡ್ ಮೇಜ್, ಗ್ಲೋಬ್ ಹಿಡಿದರೆ ಆಸ್ಟ್ರೋಲೋಜಿಯನ್, 2024ರಲ್ಲಿ ಬಂದ ಕುಂಚ ಹಿಡಿದರೆ ಪಿಕ್ಟೋಮ್ಯಾನ್ಸರ್. ಕಸುಬು ಆರಿಸಿಕೊಂಡ ಮೇಲೆ ಹೆಚ್ಚಿನ ಮಟ್ಟದ ಆಯುಧ ಸಿಕ್ಕಾಗಲೆಲ್ಲ ಹಳೆಯದನ್ನು ಇಳಿಸಿ ಹೊಸದನ್ನು ಹಿಡಿಯುವುದಷ್ಟೇ ಕೆಲಸ. ಆಯುಧದ ಗೊಂದಲವೇ ಬೇಡ ಎನ್ನುವವರಿಗೆ ಇದಕ್ಕಿಂತ ನೆಮ್ಮದಿಯ ಆಟ ಇನ್ನೊಂದಿಲ್ಲ.

ರಾಗ್ನರಾಕ್ ಆನ್‌ಲೈನ್‌ನ ಹಳೆಯ ನಿಯಮದಲ್ಲಿ ಇನ್ನೊಂದು ತಮಾಷೆ ಇತ್ತು. ಮಂತ್ರ ಹಾಕಲು ಹಿಡಿಯುವ ಸಮಯವನ್ನು ಕೈಚಳಕದ ಅಂಕಿ, ಅಂದರೆ ಡೆಕ್ಸ್, ಇಳಿಸುತ್ತಾ ಹೋಗುತ್ತಿತ್ತು. ಅದು 150 ಮುಟ್ಟಿದರೆ ಮಂತ್ರ ತಕ್ಷಣ ಹೊರಡುತ್ತಿತ್ತು. ಹಾಗಾಗಿ ಮಂತ್ರಶಕ್ತಿ ಹೆಚ್ಚಿಸುವ ಕೋಲಿಗಿಂತ ಡೆಕ್ಸ್ ಹೆಚ್ಚು ಕೊಡುವ ಕೋಲೇ ಮೇಲೆಂದು ವಾದಿಸುವವರಿದ್ದರು. ಆ ವಾದದಲ್ಲಿ ಹುರುಳಿತ್ತು.

ವಾರ್‌ಕ್ರಾಫ್ಟ್: ಸ್ಟಾಫ್ ಒಂದೋ, ಜೋಡಿ ವಸ್ತುವೋ

2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಈ ಪ್ರಶ್ನೆಗೆ ಪಾಠದಂತಿದೆ. ಅದರ ಮಾಂತ್ರಿಕ ಪಾತ್ರಗಳಾದ ಮೇಜ್ ಮತ್ತು ವಾರ್ಲಾಕ್‌ಗೆ ಸ್ಟಾಫ್, ಒಂದು ಕೈಯ ಕತ್ತಿ, ಡ್ಯಾಗರ್ ಅಂದರೆ ಬಾಕು, ವಾಂಡ್ ನಾಲ್ಕೂ ಸಲ್ಲುತ್ತವೆ. ಪ್ರೀಸ್ಟ್‌ಗೆ ಕತ್ತಿ ಇಲ್ಲ, ಬದಲಿಗೆ ಗದೆ ಉಂಟು. ಸ್ಟಾಫ್ ಎರಡೂ ಕೈಗಳನ್ನು ತುಂಬುತ್ತದೆ. ಉಳಿದವುಗಳ ಜೊತೆ ಎಡಗೈಯಲ್ಲಿ ಪುಸ್ತಕ, ಗೋಳ, ದೀಪ ಇಂಥದ್ದೇನಾದರೂ ಹಿಡಿಯಬಹುದು.

ಈಗಿನ ಆವೃತ್ತಿಯಲ್ಲಿ ಒಂದೇ ಮಟ್ಟದ ಸ್ಟಾಫ್ ಮತ್ತು ಜೋಡಿ ವಸ್ತುವನ್ನು ಅಕ್ಕಪಕ್ಕ ಇಟ್ಟರೆ ಎರಡೂ ಕಡೆ ಬುದ್ಧಿಶಕ್ತಿಯ ಮೊತ್ತ ಹೆಚ್ಚು ಕಡಿಮೆ ಸರಿಸಮ. ಆಟ ಮಾಡಿದವರು ಬೇಕೆಂದೇ ಹಾಗೆ ಲೆಕ್ಕ ಹಾಕಿದ್ದಾರೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅದೃಷ್ಟದಲ್ಲಿ. ಒಳ್ಳೆಯ ಸ್ಟಾಫ್ ಒಂದು ಬಿದ್ದರೆ ಎರಡು ಜಾಗ ಒಟ್ಟಿಗೆ ತುಂಬಿತು. ಜೋಡಿಯಾದರೆ ಎರಡು ಸಲ ಅದೃಷ್ಟ ಕೈಹಿಡಿಯಬೇಕು. ಆದರೆ ಜೋಡಿಯಲ್ಲಿ ಎರಡೂ ವಸ್ತುಗಳ ಉಪಗುಣಗಳನ್ನು ಬೇರೆ ಬೇರೆ ಆರಿಸಬಹುದು. ಒಂದರಲ್ಲಿ ವೇಗ, ಇನ್ನೊಂದರಲ್ಲಿ ಕ್ರಿಟಿಕಲ್ (ಆಗಾಗ ಬೀಳುವ ಭಾರಿ ಹೊಡೆತ) ಎಂದು ಬೆರೆಸಿಕೊಳ್ಳುವ ಸ್ವಾತಂತ್ರ್ಯ ಸ್ಟಾಫಿನಲ್ಲಿಲ್ಲ. ಹೊಸಬರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು. ಮಟ್ಟ ಯಾವುದರದು ಹೆಚ್ಚೋ ಅದನ್ನು ಹಿಡಿಯಿರಿ. ಪುಸ್ತಕ ಹಳೆಯದಾಗಿದ್ದು ಡ್ಯಾಗರ್ ಹೊಸದಾಗಿದ್ದರೆ ಎರಡರ ಸರಾಸರಿ ತೆಗೆದು ಸ್ಟಾಫಿನ ಜೊತೆ ಹೋಲಿಸಿ.

ಆಟದ ಹಳೆಯ ರೂಪವಾದ ಕ್ಲಾಸಿಕ್ ಆವೃತ್ತಿಯ ಮಾತೇ ಬೇರೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ ವಾಂಡ್ ಸ್ಟಾಫಿಗೆ ಬದಲಿ ಅಲ್ಲ. ಅದಕ್ಕೆ ಬಿಲ್ಲು ಬಂದೂಕುಗಳಿಗೆ ಮೀಸಲಾದ ಮೂರನೆಯ ಜಾಗವಿದೆ, ಅಂದರೆ ಸ್ಟಾಫ್ ಹಿಡಿದವನೂ ವಾಂಡ್ ಇಟ್ಟುಕೊಳ್ಳಬಹುದು. 2012ರಲ್ಲಿ ಮಿಸ್ಟ್ಸ್ ಆಫ್ ಪಂಡೇರಿಯಾ ಎಂಬ ವಿಸ್ತರಣೆ ಬಂದಾಗ ಆ ಜಾಗವನ್ನು ತೆಗೆದುಹಾಕಿ ವಾಂಡನ್ನು ಬಲಗೈಗೆ ತಂದರು. ಹಳೆಯ ಸಲಹೆಗಳನ್ನೂ ಹೊಸ ಆಟವನ್ನೂ ಬೆರೆಸಿಕೊಂಡು ಗೊಂದಲಕ್ಕೆ ಬೀಳುವವರು ಬೀಳುವುದು ಇಲ್ಲಿಯೇ.

ಕ್ಲಾಸಿಕ್‌ನಲ್ಲಿ ಮಾನಾ, ಅಂದರೆ ಮಂತ್ರ ಹಾಕುವ ಶಕ್ತಿ, ಖರ್ಚು ಮಾಡಿದ ಐದು ಸೆಕೆಂಡ್ ಕಾಲ ಪಾತ್ರದ ಗುಣಗಳಲ್ಲೊಂದಾದ ಸ್ಪಿರಿಟ್‌ನಿಂದ ಬರುವ ಮಾನಾ ನಿಂತುಹೋಗುತ್ತದೆ. ವಾಂಡ್ ಬೀಸಲು ಮಾನಾ ಬೇಡ. ಈ ಎರಡು ಸಂಗತಿಗಳನ್ನು ಸೇರಿಸಿದರೆ ಪ್ರೀಸ್ಟ್‌ನ ಇಡೀ ಬಾಲ್ಯ ಅರ್ಥವಾಗುತ್ತದೆ. ಹತ್ತನೇ ಮಟ್ಟ ದಾಟಿದ ಪ್ರೀಸ್ಟ್ ಒಂದು ತೋಳವನ್ನು ಹೊಡೆಯುವುದನ್ನು ನೋಡಿ. ಮೊದಲು ತನ್ನ ಮೇಲೆ ಕವಚದ ಮಂತ್ರ. ದೂರದಿಂದ ಒಂದು ಮೈಂಡ್ ಬ್ಲಾಸ್ಟ್. ತೋಳ ಓಡಿ ಬರುತ್ತಿರುವಾಗ ನಿಧಾನವಾಗಿ ಕೊಲ್ಲುವ ಶ್ಯಾಡೋ ವರ್ಡ್ ಪೇನ್. ಅಷ್ಟೇ, ಮಂತ್ರ ಮುಗಿಯಿತು. ಇನ್ನು ವಾಂಡ್. ಅದು ತಾನಾಗಿಯೇ ಒಂದರ ಹಿಂದೆ ಒಂದು ಹೊಡೆಯುತ್ತಾ ಹೋಗುತ್ತದೆ, ಆಟಗಾರನು ಕದಲದೆ ನಿಂತರೆ ಸಾಕು. ತೋಳ ಕವಚವನ್ನು ಕಚ್ಚುತ್ತಿರುತ್ತದೆ, ಐದು ಸೆಕೆಂಡ್ ಕಳೆಯುತ್ತದೆ, ಮಾನಾದ ನೀಲಿ ಪಟ್ಟಿ ಮತ್ತೆ ಮೇಲೇರತೊಡಗುತ್ತದೆ. ತೋಳ ಸಾಯುವ ಹೊತ್ತಿಗೆ ಮುಂದಿನ ತೋಳಕ್ಕೆ ಬೇಕಾದ ಮಾನಾದ ಒಂದು ಭಾಗ ಆಗಲೇ ಕೂಡಿರುತ್ತದೆ. ಸ್ಪಿರಿಟ್ ಟ್ಯಾಪ್ ಕಲಿತಿದ್ದರೆ ಕೊಂದ ಮೇಲಿನ 15 ಸೆಕೆಂಡ್ ಸ್ಪಿರಿಟ್ ದುಪ್ಪಟ್ಟು. ನೀರು ಕುಡಿಯಲು ಕುಳಿತುಕೊಳ್ಳುವ ಪ್ರಮೇಯವೇ ಅಪರೂಪ.

ಆದ್ದರಿಂದ ಕ್ಲಾಸಿಕ್‌ನಲ್ಲಿ ಪ್ರೀಸ್ಟ್ ಆರಂಭಿಸುವವರು ಮೊದಲ ಹಣವನ್ನು ಚೆಂದದ ಕೋಲಿಗೆ ಸುರಿಯಬಾರದು. ಐದನೇ ಮಟ್ಟಕ್ಕೆ ಲೆಸ್ಸರ್ ಮ್ಯಾಜಿಕ್ ವಾಂಡ್ ಹಿಡಿಯಬಹುದು, ಹದಿಮೂರಕ್ಕೆ ಗ್ರೇಟರ್ ಮ್ಯಾಜಿಕ್ ವಾಂಡ್. ಎರಡನ್ನೂ ಎನ್‌ಚಾಂಟಿಂಗ್ ಕಲಿತ ಯಾರಾದರೂ ಮಾಡಿಕೊಡುತ್ತಾರೆ. ಮೊದಲನೆಯದಕ್ಕೆ ಅಂಗಡಿಯಲ್ಲಿ ಸಿಗುವ ಸಾದಾ ಮರದ ತುಂಡು ಮತ್ತು ಒಂದು ಮ್ಯಾಜಿಕ್ ಎಸೆನ್ಸ್ ಸಾಕು. ಒಂದು ಎಚ್ಚರಿಕೆ: ವಾಂಡಿನ ಹೊಡೆತವನ್ನು ನಿಮ್ಮ ಮಂತ್ರಶಕ್ತಿ ಹೆಚ್ಚಿಸುವುದಿಲ್ಲ. ಈ ಆಟದಲ್ಲಿ ವಾಂಡಿಗೆ ಮಾತ್ರ ಚೌಕದ ಮೇಲಿನ ಆ ದೊಡ್ಡ ಅಂಕಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಸ್ಟಾಫಿನಲ್ಲಿ ಅದನ್ನು ಕಡೆಗಣಿಸಿ, ವಾಂಡಿನಲ್ಲಿ ಅದನ್ನೇ ನೋಡಿ. ಮೇಜ್‌ಗೂ ವಾಂಡ್ ಬೇಕು, ಆದರೆ ಅವನು ಶತ್ರುವನ್ನು ಹೆಪ್ಪುಗಟ್ಟಿಸಿ ದೂರ ಓಡುವವನು. ನಿಂತು ವಾಂಡ್ ಬೀಸುವ ವ್ಯವಧಾನ ಅವನಿಗೆ ಕಡಿಮೆ.

ಡಯಾಬ್ಲೊ 2: ಕೋಲನ್ನು ಬಿಟ್ಟ ಮಾಂತ್ರಿಕಿ

2000ನೇ ಇಸವಿಯ ಆಟ, 2021ರಲ್ಲಿ ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂತು. ಇದರಲ್ಲಿ ಮಾಂತ್ರಿಕಿಯಾದ ಸೋರ್ಸರೆಸ್‌ಗೆಂದೇ ಕೋಲುಗಳಿವೆ, ಗೋಳಗಳಿವೆ. ಆದರೂ ಬಲ್ಲವರು ಅವಳ ಕೈಗೆ ಕೊಡುವುದು ನಾಲ್ಕು ತೂತಿನ ಕತ್ತಿ. ಆ ತೂತುಗಳಲ್ಲಿ ಟಾಲ್, ಥುಲ್, ಆರ್ಟ್, ಆಮ್ನ್ ಎಂಬ ನಾಲ್ಕು ಮಂತ್ರದ ಕಲ್ಲುಗಳನ್ನು, ಅಂದರೆ ರೂನ್‌ಗಳನ್ನು ಇದೇ ಕ್ರಮದಲ್ಲಿ ಕೂರಿಸಿದರೆ ಸ್ಪಿರಿಟ್ ಎಂಬ ರೂನ್‌ವರ್ಡ್ ಆಗುತ್ತದೆ. ಎಲ್ಲ ಕೌಶಲಗಳಿಗೆ ಎರಡು ಮಟ್ಟ ಹೆಚ್ಚು, ಮಂತ್ರ ಹಾಕುವ ವೇಗ ಶೇಕಡಾ 25ರಿಂದ 35ರವರೆಗೆ ಹೆಚ್ಚು, ಜೊತೆಗೆ ಕೈತುಂಬ ಮಾನಾ. ನಾಲ್ಕೂ ಅಗ್ಗದ ರೂನ್‌ಗಳೇ.

ಕೋಲಿಗೆ ಈ ಕತ್ತಿಯ ಮುಂದೆ ನಿಲ್ಲಲು ಆಗದಿರುವುದಕ್ಕೆ ಕಾರಣ ಮತ್ತೆ ಎಡಗೈಯೇ. ಸ್ಪಿರಿಟ್ ರೂನ್‌ವರ್ಡನ್ನು ನಾಲ್ಕು ತೂತಿನ ಗುರಾಣಿಯಲ್ಲೂ ಮಾಡಬಹುದು. ಕತ್ತಿಯಲ್ಲೊಂದು, ಗುರಾಣಿಯಲ್ಲೊಂದು ಎಂದರೆ ನಾಲ್ಕು ಮಟ್ಟದ ಕೌಶಲ. ಎರಡೂ ಕೈ ಬೇಡುವ ಕೋಲು ಆ ಗುರಾಣಿಯನ್ನು ಕಿತ್ತುಕೊಳ್ಳುತ್ತದೆ. ಕೋಲು ತಾನೊಂದೇ ಅಷ್ಟನ್ನೂ ಕೊಟ್ಟು, ಗುರಾಣಿಯ ತಡೆಯನ್ನೂ ಸರಿದೂಗಿಸಬೇಕು. ಬಹುತೇಕ ಕೋಲುಗಳಿಗೆ ಅದು ಆಗದ ಮಾತು.

ವೇಗದ ಲೆಕ್ಕ ಇಲ್ಲಿ ವಿಚಿತ್ರ. ಆಟ ಸೆಕೆಂಡಿಗೆ 25 ಚೌಕಟ್ಟುಗಳಲ್ಲಿ (ಫ್ರೇಮ್) ಓಡುತ್ತದೆ. ಸೋರ್ಸರೆಸ್ ಸಾಮಾನ್ಯ ಮಂತ್ರ ಹಾಕಲು 13 ಚೌಕಟ್ಟು ತೆಗೆದುಕೊಳ್ಳುತ್ತಾಳೆ, ಅಂದರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ವೇಗ ಶೇಕಡಾ 9, 20, 37, 63, 105, 200 ಮುಟ್ಟಿದಾಗ ಮಾತ್ರ ಒಂದೊಂದು ಚೌಕಟ್ಟು ಕಡಿಮೆಯಾಗುತ್ತದೆ. 63ಕ್ಕೆ 9 ಚೌಕಟ್ಟು, 104ಕ್ಕೂ 9 ಚೌಕಟ್ಟೇ. ದುರ್ಗಕ್ಕೆ ಹೋಗುವ ಬಸ್ಸು ಏಳು ಗಂಟೆಗೆ ಎಂದಾದರೆ ಆರೂಕಾಲಿಗೆ ನಿಲ್ದಾಣಕ್ಕೆ ಬಂದವನೂ ಆರೂ ಐವತ್ತಕ್ಕೆ ಬಂದವನೂ ಹತ್ತುವುದು ಅದೇ ಬಸ್ಸನ್ನಲ್ಲವೇ, ಹಾಗೆ. ಆದ್ದರಿಂದ ಇದಕ್ಕಿಂತ ಅದರಲ್ಲಿ ಐದು ಹೆಚ್ಚಿದೆ ಎಂದು ಆಯುಧ ಬದಲಿಸುವ ಮೊದಲು ಒಟ್ಟು ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಿ. ಎರಡು ಸ್ಪಿರಿಟ್‌ಗಳ ಮೊತ್ತ ಅದೃಷ್ಟವಿದ್ದರೆ 63 ದಾಟುತ್ತದೆ, ಇಲ್ಲದಿದ್ದರೆ 50ರಲ್ಲೂ ನಿಲ್ಲಬಹುದು. ಆಗ 20 ಕೊಡುವ ಮೇಜ್‌ಫಿಸ್ಟ್ ಕೈಗವಸು ಆ ಕೊರತೆಯನ್ನು ತುಂಬುತ್ತದೆ. ಮಿಂಚಿನ ಮಂತ್ರಗಳಿಗೆ ಮಾತ್ರ ಬೇರೆಯೇ ಪಟ್ಟಿ ಇದೆ, ಈ ಅಂಕಿಗಳನ್ನು ಅಲ್ಲಿ ಬಳಸಬೇಡಿ.

ಗೋಳಗಳ ಪೈಕಿ ಆಕ್ಯುಲಸ್ ಎಂಬುದು ಬಹಳ ಜನಪ್ರಿಯ. ಮೂರು ಮಟ್ಟದ ಕೌಶಲ, 30 ವೇಗ, ಒಳ್ಳೆಯ ವಸ್ತು ಸಿಗುವ ಸಾಧ್ಯತೆ ಶೇಕಡಾ 50 ಹೆಚ್ಚು. ಒಂದು ಕೈಯದು, ಗುರಾಣಿಗೆ ಅಡ್ಡಿಯಿಲ್ಲ. ಅಂಕಿಯಲ್ಲಿ ಕತ್ತಿಗಿಂತ ಮೇಲು. ಆದರೆ ಪೆಟ್ಟು ಬಿದ್ದಾಗ ಅದು ನಿಮ್ಮನ್ನು ಕೇಳದೆಯೇ ಇನ್ನೊಂದೆಡೆಗೆ ಹಾರಿಸಿಬಿಡುತ್ತದೆ, ಕೆಲವೊಮ್ಮೆ ರಾಕ್ಷಸರ ನಡುಮಧ್ಯಕ್ಕೇ. ಒಮ್ಮೆ ಸತ್ತರೆ ಪಾತ್ರವೇ ಹೋಗುವ ಹಾರ್ಡ್‌ಕೋರ್‌ನಲ್ಲಿ ಇದನ್ನು ಹಿಡಿಯುವವರ ಧೈರ್ಯ ದೊಡ್ಡದು, ನಾನು ಹಿಡಿಯೆ. ಹಣವಿದ್ದವರು ಹಾರ್ಟ್ ಆಫ್ ದಿ ಓಕ್ ಎಂಬ ಇನ್ನೊಂದು ರೂನ್‌ವರ್ಡ್ ಮಾಡಿಕೊಳ್ಳಲಿ. ಮೂರು ಮಟ್ಟ, 40 ವೇಗ, ಹಾರಾಟದ ಕಾಟವಿಲ್ಲ.

ರೂನ್‌ಸ್ಕೇಪ್: ಉಳಿತಾಯದ ಕೋಲು

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಮೊಬೈಲಿನಲ್ಲೂ ಆಡಲು ಸಿಗುವುದರಿಂದ ನಮ್ಮ ಕಡೆ ಕಂಪ್ಯೂಟರ್ ಇಲ್ಲದ ಹುಡುಗರೂ ಇದನ್ನು ಆಡುತ್ತಾರೆ. ಇಲ್ಲಿ ಪ್ರತಿ ಮಂತ್ರಕ್ಕೂ ರೂನ್‌ಗಳು ಖರ್ಚಾಗುತ್ತವೆ. ಪಂಚಭೂತದ ಕೋಲುಗಳ ಕೆಲಸ ಹೊಡೆತ ಹೆಚ್ಚಿಸುವುದಲ್ಲ, ಖರ್ಚು ಉಳಿಸುವುದು. ಬೆಂಕಿಯ ಕೋಲು ಹಿಡಿದವನಿಗೆ ಬೆಂಕಿಯ ರೂನ್ ಬೇಡವೇ ಬೇಡ. ಫೈರ್ ಬೋಲ್ಟ್‌ಗೆ ನಾಲ್ಕು ಬೆಂಕಿ, ಮೂರು ಗಾಳಿ, ಒಂದು ಕೇಯಾಸ್ ಬೇಕು. ಬೆಂಕಿಯ ಕೋಲಿದ್ದರೆ ನಾಲ್ಕು ಉಳಿಯಿತು, ಗಾಳಿಯ ಕೋಲಿದ್ದರೆ ಮೂರು. ವ್ಯಾರಕ್ ನಗರದ ಜಾಫ್‌ನ ಅಂಗಡಿಯಲ್ಲಿ ಇವು 1,500 ನಾಣ್ಯಕ್ಕೆ ಸಿಗುತ್ತವೆ. ಉಚಿತವಾಗಿ ಆಡುವವರು ಬೇರೇನೂ ಯೋಚಿಸದೆ ಬೆಂಕಿಯದನ್ನು ಕೊಳ್ಳಬಹುದು. ಹಣ ಕಟ್ಟಿ ಆಡುವ ಸದಸ್ಯರಿಗೆ ಬೆಂಕಿ ಗಾಳಿ ಎರಡನ್ನೂ ಕೊಡುವ ಸ್ಮೋಕ್ ಬ್ಯಾಟಲ್‌ಸ್ಟಾಫ್ ಇದೆ.

ಮ್ಯಾಜಿಕ್ ಮಟ್ಟ 75 ಮುಟ್ಟಿದ ಮೇಲೆ ನಿಜವಾದ ಆಯ್ಕೆ ಎದುರಾಗುತ್ತದೆ. ಟ್ರೈಡೆಂಟ್ ಆಫ್ ದಿ ಸೀಸ್ ಎಂಬ ತ್ರಿಶೂಲ ತನ್ನದೇ ಮಂತ್ರವನ್ನು ಹೊತ್ತು ಬರುತ್ತದೆ. ಸಾಮಾನ್ಯ ಮಂತ್ರಕ್ಕೆ 3 ಸೆಕೆಂಡ್, ಇದಕ್ಕೆ 2.4 ಸೆಕೆಂಡ್. ನಿಮಿಷಕ್ಕೆ 20ರ ಬದಲು 25 ಹೊಡೆತ. ಮಟ್ಟ ಹೆಚ್ಚಿದಂತೆಲ್ಲ ಅದರ ಹೊಡೆತವೂ ಏರುತ್ತದೆ. ಒಂದು ಕೈಯದಾದ್ದರಿಂದ ಎಡಗೈಗೆ ಮೇಜಸ್ ಬುಕ್ ಹಿಡಿಯಬಹುದು. ಆದರೆ ಚಾರ್ಜ್ ತುಂಬಿಸಬೇಕು. ಪೂರ್ತಿ 2,500 ಚಾರ್ಜ್‌ಗೆ 2,500 ಡೆತ್ ರೂನ್, 2,500 ಕೇಯಾಸ್ ರೂನ್, 12,500 ಬೆಂಕಿಯ ರೂನ್, ಮೇಲೆ 25,000 ನಾಣ್ಯ. ಇದನ್ನು ಇತರ ಆಟಗಾರರ ಮೇಲೆ ಬಳಸಲೂ ಆಗದು. ರಾಕ್ಷಸ ಬೇಟೆಗೆ ಟ್ರೈಡೆಂಟ್, ಮನುಷ್ಯರ ಜೊತೆ ಜಗಳಕ್ಕೆ ಬೇರೆಯದು.

2022ರಲ್ಲಿ ಟೂಂಬ್ಸ್ ಆಫ್ ಅಮಾಸ್ಕಟ್ ಎಂಬ ಗುಂಪು ದಾಳಿಯ ಜೊತೆ ಬಂದ ಟುಮೆಕೆನ್ಸ್ ಶ್ಯಾಡೋ ನನ್ನ ಎಡಗೈ ಸಿದ್ಧಾಂತಕ್ಕೆ ಸವಾಲು ಹಾಕುವ ಕೋಲು. 85 ಮಟ್ಟ ಬೇಕು, ಎರಡೂ ಕೈ ಬೇಕು. ಆದರೆ ಮೈಮೇಲಿರುವ ಉಡುಗೆಯ ಮಂತ್ರದ ಗುಣಗಳನ್ನೆಲ್ಲ ಅದು ಮೂರು ಪಟ್ಟು ಮಾಡುತ್ತದೆ. ಎಡಗೈ ಬಿಟ್ಟುಕೊಟ್ಟದ್ದಕ್ಕೆ ಬಡ್ಡಿ ಸಮೇತ ವಾಪಸು. ಷರತ್ತು ಒಂದೇ: ಮೂರು ಪಟ್ಟು ಮಾಡಲು ಮೈಮೇಲೆ ಏನಾದರೂ ಇರಬೇಕು. ಹರಕು ನಿಲುವಂಗಿ ತೊಟ್ಟು ಈ ಕೋಲಿಗಾಗಿ ಇದ್ದಬದ್ದುದನ್ನೆಲ್ಲ ಮಾರುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ.

ಸರ್ವರ್ ದೂರವಿದ್ದಾಗ

ದಾವಣಗೆರೆಯಲ್ಲಿ ಕುಳಿತು ಆಡುವವರು ವಿದೇಶಿ ಮಾರ್ಗದರ್ಶಿಗಳಲ್ಲಿ ಕಾಣದ ಒಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಗುಂಡಿ ಒತ್ತುವಿಕೆ ಮುಂಬೈಗೋ ಚೆನ್ನೈಗೋ ಹೋಗಿ, ಸಮುದ್ರದ ಕೇಬಲ್ ಹತ್ತಿ, ಸರ್ವರ್ ಇರುವ ಖಂಡವನ್ನು ಮುಟ್ಟಿ ಮರಳಬೇಕು. ಗಿಲ್ಡ್ ವಾರ್ಸ್ 2 ಮತ್ತು ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ಗೆ ನಾವು ಸೇರಬಹುದಾದ ಸರ್ವರ್‌ಗಳು ಯುರೋಪ್ ಇಲ್ಲವೇ ಅಮೆರಿಕದಲ್ಲಿವೆ. ವಾರ್‌ಕ್ರಾಫ್ಟ್‌ಗೂ ಭಾರತದಲ್ಲಿ ಸರ್ವರ್ ಇಲ್ಲ. ಈ ವಿಳಂಬ ಎಲ್ಲ ಆಯುಧಗಳನ್ನೂ ಒಂದೇ ರೀತಿ ಕಾಡುವುದಿಲ್ಲ. ಒಂದೂವರೆ ಎರಡು ಸೆಕೆಂಡ್ ಹಿಡಿಯುವ ನಿಧಾನದ ಮಂತ್ರಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ. ವಾರ್‌ಕ್ರಾಫ್ಟ್ ಮುಂದಿನ ಮಂತ್ರವನ್ನು 400 ಮಿಲಿಸೆಕೆಂಡ್ ಮೊದಲೇ ಸರದಿಗೆ ಹಾಕಿಕೊಳ್ಳುತ್ತದೆ. ರೂನ್‌ಸ್ಕೇಪ್‌ನ ಗಡಿಯಾರ ನಡೆಯುವುದೇ 0.6 ಸೆಕೆಂಡಿನ ಹೆಜ್ಜೆಗಳಲ್ಲಿ. ಆದರೆ ಹತ್ತಿರ ನುಗ್ಗಿ, ಹೊಡೆದು, ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವ ಆಯುಧಗಳ ಆಟ ಕೆಡುತ್ತದೆ.

ಗಿಲ್ಡ್ ವಾರ್ಸ್ 2ರಲ್ಲಿ ಮೊದಲ ಐದು ಕೌಶಲಗಳು ಆಯುಧದಿಂದಲೇ ಬರುತ್ತವೆ. ಒಂದು ಕೈಯ ಆಯುಧಗಳಾದರೆ ಬಲಗೈಯಿಂದ ಮೂರು, ಎಡಗೈಯಿಂದ ಎರಡು. ಇಷ್ಟು ಬಿಚ್ಚುಮನಸ್ಸಿನಿಂದ ಎಡಗೈಗೆ ಪಾಲು ಕೊಟ್ಟ ಆಟ ನನಗೆ ಬೇರೆ ಗೊತ್ತಿಲ್ಲ. ಎಲಿಮೆಂಟಲಿಸ್ಟ್ ಎಂಬ ಮಾಂತ್ರಿಕ ಹೋರಾಟದ ನಡುವೆ ಆಯುಧ ಬದಲಿಸಲಾರ, ಬದಲಿಗೆ ಬೆಂಕಿ, ನೀರು, ಗಾಳಿ, ಮಣ್ಣು ಎಂದು ಭೂತ ಬದಲಿಸುತ್ತಾನೆ. ಹಾಗಾಗಿ ಒಂದು ಜೋಡಿ ಆಯುಧಕ್ಕೆ ಇಪ್ಪತ್ತು ಕೌಶಲ. ಎರಡು ಡ್ಯಾಗರ್ ಹಿಡಿದರೆ ಶತ್ರುವಿನ ಮೂಗಿನ ಕೆಳಗೆ ಕುಣಿಯಬೇಕು, ಅದೂ ಆಟದಲ್ಲೇ ಅತಿ ಕಡಿಮೆ ಜೀವಬಲದ ಪಾತ್ರಗಳಲ್ಲಿ ಒಂದಾಗಿ. ವಿಳಂಬವಿರುವ ಸಂಪರ್ಕದಲ್ಲಿ ಅದು ಶಿಕ್ಷೆ. ಸ್ಟಾಫ್ ಆಟದ ಅಳತೆಯಲ್ಲಿ 1,200ರ ದೂರದಿಂದ ಹೊಡೆಯುತ್ತದೆ, ನೆಲಕ್ಕೆ ಗುರಿಯಿಟ್ಟು ಉಲ್ಕೆಗಳನ್ನು ಸುರಿಸುತ್ತದೆ. ಜನರ ಗುಂಪಿನಲ್ಲಿ ದೊಡ್ಡ ರಾಕ್ಷಸನ ಎದುರು ಭರ್ಜರಿ, ಒಬ್ಬನೇ ತಿರುಗುವಾಗ ನಿಧಾನ, ಏಕೆಂದರೆ ಉಲ್ಕೆ ಬೀಳುವ ಹೊತ್ತಿಗೆ ಶತ್ರು ನಿಮ್ಮ ಪಕ್ಕದಲ್ಲಿರುತ್ತಾನೆ. ಒಬ್ಬರೇ ಆಡುವವರಿಗೆ ಬಲಗೈಗೆ 900ರ ದೂರದ ಸೆಪ್ಟರ್ (ರಾಜದಂಡ), ಎಡಗೈಗೆ ಬದುಕಿಸುವ ಫೋಕಸ್ ಎಂಬುದು ನನ್ನ ಸಲಹೆ. ವೈಭವ ಕಡಿಮೆ, ಸಾಯುವುದೂ ಕಡಿಮೆ. ಮೆಸ್ಮರ್‌ಗಾದರೆ ಕಣ್ಣು ಮುಚ್ಚಿ ಆ ದೊಡ್ಡ ಖಡ್ಗ. ಅದರ ಮೊದಲ ಕೌಶಲ ದೂರ ಹೆಚ್ಚಿದಷ್ಟೂ ಜೋರಾಗಿ ಹೊಡೆಯುತ್ತದೆ.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಬೆಂಕಿ, ಮಿಂಚು, ಹಿಮ ಎಂದು ಮೂರು ಬಗೆಯ ವಿನಾಶದ ಸ್ಟಾಫ್‌ಗಳು, ಜೊತೆಗೆ ಗುಣಪಡಿಸುವ ಒಂದು. 15ನೇ ಮಟ್ಟದಿಂದ ಎರಡು ಆಯುಧಗಳ ನಡುವೆ ಅದಲುಬದಲು ಮಾಡಬಹುದು. ಹಿಮದ ಸ್ಟಾಫ್ ಈಗ ಪೆಟ್ಟು ತಡೆಯುವವರ ಕೈಗೆ ಹೆಚ್ಚು ಹೊಂದುತ್ತದೆ. ಎರಡು ಕೈಗೆ ಎರಡು ಡ್ಯಾಗರ್ ಹಿಡಿದ ಮಾಂತ್ರಿಕರೂ ಇದ್ದಾರೆ, ಆದರೆ ಅವರ ಸಾಮಾನ್ಯ ಹೊಡೆತಕ್ಕೆ ಶತ್ರು ಕೈಗೆಟಕುವಷ್ಟು ಹತ್ತಿರವಿರಬೇಕು. 2018ರ ಮೊದಲು ಸ್ಟಾಫ್ ಹಿಡಿದವರಿಗೆ ಒಂದೇ ಸೆಟ್ಟಿನ ತುಣುಕುಗಳನ್ನು ಒಟ್ಟಿಗೆ ತೊಟ್ಟಾಗ ಸಿಗುವ ಲಾಭದ ಲೆಕ್ಕದಲ್ಲಿ ಒಂದು ತುಣುಕು ಖೋತಾ ಆಗುತ್ತಿತ್ತು. ಈಗ ಎರಡು ಕೈಯ ಆಯುಧ ಎರಡು ತುಣುಕಾಗಿಯೇ ಲೆಕ್ಕಕ್ಕೆ ಬರುತ್ತದೆ, ಆ ಹಳೆಯ ದೂರು ಈಗ ಸಲ್ಲದು.

ಈ ಆಟದಲ್ಲಿ ಪಳಗಿದವರು ಪ್ರತಿ ಕೌಶಲದ ಮುಂಚೆ ಒಂದು ಸಣ್ಣ ಹೊಡೆತವನ್ನು ಹೆಣೆಯುತ್ತಾರೆ, ಸೆಕೆಂಡಿಗೊಂದು ಜೋಡಿ. ನಮ್ಮ ವಿಳಂಬದಲ್ಲಿ ಆ ಹೆಣಿಗೆ ಪದೇ ಪದೇ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ನಮ್ಮವರು ಕಂಡುಕೊಂಡ ದಾರಿ ಮಿಂಚಿನ ಸ್ಟಾಫ್. ಅದರ ದೊಡ್ಡ ಹೊಡೆತ ಗುಂಡಿ ಒತ್ತಿ ಹಿಡಿದರೆ ಹರಿಯುತ್ತಲೇ ಇರುತ್ತದೆ, ಸುತ್ತಲಿನವರಿಗೂ ತಗಲುತ್ತದೆ, ಮುಗಿದಾಗ ಮ್ಯಾಜಿಕಾ, ಅಂದರೆ ಇಲ್ಲಿನ ಮಾನಾ, ಮರಳಿ ಬರುತ್ತದೆ. 2022ರಲ್ಲಿ ಬಂದ ಓಕೆನ್‌ಸೋಲ್ ಉಂಗುರ ತೊಟ್ಟರೆ ಆಯುಧ ಅದಲುಬದಲು ಮಾಡಲು ಆಗುವುದಿಲ್ಲ, ಬದಲಿಗೆ ಹಲವು ಬಲಗಳು ಸದಾ ಜೊತೆಗಿರುತ್ತವೆ. ಇವೆರಡನ್ನೂ ಸೇರಿಸಿದರೆ ಆಟ ಸರಳವಾಗುತ್ತದೆ. ಪರಿಣತರು ಇದನ್ನು ಸೋಮಾರಿಗಳ ಆಯುಧವೆಂದು ಮೂಗು ಮುರಿಯುತ್ತಾರೆ. ಯುರೋಪಿನಲ್ಲಿ ಸರ್ವರ್ ಪಕ್ಕ ಕುಳಿತವರು ಮುರಿಯಲಿ.

ಕರೆಂಟ್ ಹೋಗುವ ಊರಿನಲ್ಲಿ ಅಲ್ಬಿಯಾನ್

ಅಲ್ಬಿಯಾನ್ ಆನ್‌ಲೈನ್ 2017ರದು, ಮೊಬೈಲಿಗೆ 2021ರಲ್ಲಿ ಬಂತು. 2023ರಿಂದ ಏಷ್ಯಾಕ್ಕೆಂದೇ ಸರ್ವರ್ ಇರುವುದರಿಂದ ವಿಳಂಬ ಕಾಡುವುದಿಲ್ಲ. ಇಲ್ಲಿ ಜಾತಿ, ಕಸುಬು ಏನೂ ಇಲ್ಲ, ಏನು ತೊಟ್ಟಿರುವಿರೋ ಅದೇ ನೀವು. ಬೆಂಕಿ, ಹಿಮ, ಆರ್ಕೇನ್, ಶಾಪ, ಹೋಲಿ, ಪ್ರಕೃತಿ ಎಂದು ಹಲವು ಬಗೆಯ ಕೋಲುಗಳು. ಒಂದೇ ಬಗೆಯಲ್ಲಿ ಮೊದಲ ಎರಡು ಕೌಶಲಗಳನ್ನು ಒಂದೇ ಪಟ್ಟಿಯಿಂದ ಆರಿಸಬಹುದು, ಮೂರನೆಯ ದೊಡ್ಡ ಕೌಶಲ ಮಾತ್ರ ಆಯಾ ಆಯುಧದ ಸ್ವಂತದ್ದು. ಒಂದು ಬಗೆಯಲ್ಲಿ ಪಳಗಿ ಮೇಲಿನ ಮಟ್ಟದ ಕೋಲು ಹಿಡಿಯಲು ಗಂಟೆಗಟ್ಟಲೆ ದುಡಿಯಬೇಕು. ಬೇಸರ ಬಂತೆಂದು ಬೆಂಕಿ ಬಿಟ್ಟು ಹಿಮಕ್ಕೆ ಹೋದರೆ ಆ ದುಡಿಮೆ ಮತ್ತೆ ಮೊದಲಿನಿಂದ. ಆದ್ದರಿಂದ ಇಲ್ಲಿನ ಆಯ್ಕೆ ಉಳಿದ ಆಟಗಳಿಗಿಂತ ದುಬಾರಿ.

ಕೆಂಪು ಮತ್ತು ಕಪ್ಪು ವಲಯಗಳಲ್ಲಿ ಸತ್ತರೆ ಮೈಮೇಲಿದ್ದುದೆಲ್ಲ ಹೋಗುತ್ತದೆ, ಕೋಲು ಸಮೇತ. ಸಂಜೆ ಹೊತ್ತು ಕರೆಂಟ್ ಹೋಗಿ ವೈಫೈ ಆರಿದರೂ ನಿಮ್ಮ ಪಾತ್ರ ಕೂಡಲೇ ಮಾಯವಾಗುವುದಿಲ್ಲ. ಕಾಡಿನ ನಡುವೆ ಕೋಲು ಹಿಡಿದು ಬೊಂಬೆಯಂತೆ ನಿಂತಿರುತ್ತದೆ, ದಾರಿಯಲ್ಲಿ ಬಂದವನಿಗೆ ಹಬ್ಬ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಮನೆಯಲ್ಲಿ ಆಡುವವರು ನಾಲ್ಕನೇ ಶ್ರೇಣಿಯ ಕೋಲಿಗಿಂತ ಮೇಲೆ ಹೋಗಬಾರದೆಂಬುದು ನನ್ನ ಖಚಿತ ಸಲಹೆ.

ಒಂದು ಕೈಯದೋ ಎರಡು ಕೈಯದೋ ಎಂಬುದಕ್ಕೆ ಇಲ್ಲಿ ಜೇಬೇ ಉತ್ತರ. ಒಂದು ಕೈಯ ಬೆಂಕಿಯ ಕೋಲಿನ ಜೊತೆ ಮಂತ್ರದ ಪುಸ್ತಕ, ಪಂಜು ಇಲ್ಲವೇ ಗುರಾಣಿ ಹಿಡಿದರೆ ಲಾಭವಿದೆ ನಿಜ, ಆದರೆ ಸತ್ತಾಗ ಎರಡು ವಸ್ತುಗಳನ್ನೂ ಮತ್ತೆ ಕೊಳ್ಳಬೇಕು. ಎಡಗೈಗೆ ಕೆಳಗಿನ ಶ್ರೇಣಿಯ ಪುಸ್ತಕ ಹಿಡಿದು ಖರ್ಚು ತಗ್ಗಿಸುವುದು ಅನೇಕರ ಉಪಾಯ. ಗುಂಪಿನ ಕಾಳಗಕ್ಕೆ ಗ್ರೇಟ್ ಫೈರ್‌ನಂಥ ಎರಡು ಕೈಯ ಕೋಲು. ಒಬ್ಬೊಬ್ಬರೇ ಎದುರಾಗುವ ಕಡೆ ಶಾಪದ ಒಂದು ಕೈಯ ಕೋಲು, ಅದು ನಿಧಾನವಾಗಿ ಕೊರೆಯುತ್ತಾ ಎದುರಾಳಿಯ ತಾಳ್ಮೆ ಕೆಡಿಸುತ್ತದೆ. ಯಾವುದನ್ನೇ ಆರಿಸಿದರೂ ಅದೇ ಕೋಲು, ಅದೇ ಬಟ್ಟೆಯ ನಿಲುವಂಗಿ, ಅದೇ ಪುಸ್ತಕ ಸೇರಿದ ಮೂರು ನಾಲ್ಕು ಸೆಟ್‌ಗಳನ್ನು ಬ್ಯಾಂಕಿನಲ್ಲಿ ಇಟ್ಟು ಹೊರಡಿ. ಅಷ್ಟು ಸೆಟ್ ಕೊಳ್ಳಲು ಬೆಳ್ಳಿ ಸಾಲದಿದ್ದರೆ ಆ ಕೋಲು ಸದ್ಯಕ್ಕೆ ನಿಮ್ಮದಲ್ಲ, ಒಂದು ಶ್ರೇಣಿ ಕೆಳಗಿಳಿದು ಮತ್ತೆ ಲೆಕ್ಕ ಹಾಕಿ.